ವರ್ಮಾಂಟಿನ ಚಕ್ಕುಬಂದಿ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀವು "ನೀನಿರುವುದು ಯಾವ ತಾಲೂಕು, ಯಾವ ಹೋಬಳಿ?" ಎಂದು ಕೇಳಿದಾಗ ನಕ್ಕುಬಿಟ್ಟೆ. ಆಮೇಲೆ ನೋಡಿದರೆ ನನಗೇ ಸರಿಯಾಗಿ ಗೊತ್ತಿಲ್ಲ! ಸರ್ವೆ ಇಲಾಖೆಯಲ್ಲಿ ತಲೆ ನೆರೆಸಿದವರಿಗೆ ಹಾರಿಕೆಯ ಉತ್ತರ ಕೊಟ್ಟರೆ ನಡೆಯುತ್ತದೆಯೇ? ಅದಕ್ಕೇ ಈ ಕಾಗದ.

ಮೊದಲು ನಾನಿರುವ ಅಮೆರಿಕಾದ ವರ್ಮಾಂಟ್ ರಾಜ್ಯದ ಚಕ್ಕುಬಂದಿ. ಪೂರ್ವಕ್ಕೆ ಕನೆಕ್ಟಿಕಟ್ ನದಿ, ಅದರಾಚೆ ನ್ಯೂ ಹ್ಯಾಂಪ್‌ಶೈರ್. ಪಶ್ಚಿಮಕ್ಕೆ ಷಾಂಪ್ಲೇನ್ ಸರೋವರ ಮತ್ತು ನ್ಯೂಯಾರ್ಕ್ ರಾಜ್ಯ. ದಕ್ಷಿಣಕ್ಕೆ ಮ್ಯಾಸಚೂಸೆಟ್ಸ್, ಉತ್ತರಕ್ಕೆ ಕೆನಡಾ. ನಡುವೆ ಉದ್ದಕ್ಕೂ ಗ್ರೀನ್ ಮೌಂಟನ್ಸ್, ನಮ್ಮ ಘಟ್ಟದ ಹಾಗೆ. 2020ರ ಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 6.43 ಲಕ್ಷ. ನಮ್ಮ ಶಿವಮೊಗ್ಗ ಜಿಲ್ಲೆಯ ಅರ್ಧವೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಊರು ಬರ್ಲಿಂಗ್ಟನ್, ಅಲ್ಲಿ ಸುಮಾರು 45 ಸಾವಿರ. ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಬರೀ 8 ಸಾವಿರ! ತೀರ್ಥಹಳ್ಳಿ ಪೇಟೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ, ಅಲ್ವಾ? ಚಿನ್ನದ ಬಣ್ಣದ ಗುಮ್ಮಟದ ವಿಧಾನಸೌಧ, ಅದರ ಬೆನ್ನಿಗೇ ಕಾಡುಗುಡ್ಡ. ಊರೊಳಗೇ ವಿನೂಸ್ಕಿ ನದಿ ಹರಿಯುತ್ತದೆ. 2023ರ ಜುಲೈನಲ್ಲಿ ನೆರೆ ಬಂದು ಪೇಟೆಬೀದಿಯೆಲ್ಲ ಮುಳುಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಟೌನ್ ಎಂದರೆ ಪೇಟೆ ಅಲ್ಲ. ಕಾಡು, ಗುಡ್ಡ, ಹುಲ್ಲುಗಾವಲು, ನಾಲ್ಕು ಮನೆ, ಒಂದು ಚರ್ಚು, ಎಲ್ಲ ಸೇರಿ ಒಂದು ಟೌನ್. ನಮ್ಮ ಗ್ರಾಮ ಪಂಚಾಯ್ತಿ ಎಂದುಕೊಳ್ಳಿ. ಜಿಲ್ಲೆಯ ಹಾಗೆ 14 ಕೌಂಟಿಗಳಿವೆ, ಆದರೆ ಅವಕ್ಕೆ ಕೆಲಸ ಕಡಿಮೆ. ಜಮೀನಿನ ದಾಖಲೆಗಳೂ ಟೌನ್ ಕ್ಲರ್ಕ್ ಕಚೇರಿಯಲ್ಲೇ ಇರುತ್ತವೆ. ಯಾರು ಬೇಕಾದರೂ ಹೋಗಿ ಪುಸ್ತಕ ತೆಗೆದು ನೋಡಬಹುದು. ನೀವು ಇಲ್ಲಿದ್ದಿದ್ದರೆ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಟೌನ್ ಮೀಟಿಂಗ್. ಎಷ್ಟೋ ಟೌನುಗಳಲ್ಲಿ ಊರವರೇ ಕೂತು, ರಸ್ತೆಗೆ ಎಷ್ಟು ದುಡ್ಡು ಎಂದು ಕೈ ಎತ್ತಿ ತೀರ್ಮಾನಿಸುತ್ತಾರೆ.

ನಾನಿರುವುದು ಬ್ಯಾರಿ. ಗ್ರಾನೈಟ್ ಕಲ್ಲಿಗೆ ಹೆಸರಾದ ಜಾಗ. ತಮಾಷೆ ಏನೆಂದರೆ ಬ್ಯಾರಿ ಎರಡಿವೆ: ಬ್ಯಾರಿ ಸಿಟಿ, ಬ್ಯಾರಿ ಟೌನ್. ಪಕ್ಕಪಕ್ಕದಲ್ಲೇ ಇದ್ದರೂ ಆಡಳಿತ ಬೇರೆ ಬೇರೆ. ನಮ್ಮ ಮನೆ ಟೌನಿನದು, ತರಕಾರಿ ತರುವುದು ಸಿಟಿಯಿಂದ.

ನಿಮಗೆ ಖುಷಿಯಾಗುವ ಸಂಗತಿ ಕೊನೆಗೆ ಇಟ್ಟುಕೊಂಡಿದ್ದೆ. 18ನೇ ಶತಮಾನದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್ ಈ ಕಡೆಯ ಜಮೀನನ್ನು ಸುಮಾರು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನುಗಳಾಗಿ ಹಂಚಿದ. ಬೆನ್ನಿಂಗ್ಟನ್ ಎಂಬ ಊರಿಗೆ ಅವನದೇ ಹೆಸರು. ದಟ್ಟ ಕಾಡಿನಲ್ಲಿ ಸರಪಳಿ, ದಿಕ್ಸೂಚಿ ಹಿಡಿದು ಅಳೆದದ್ದು. ಗೆರೆಗೆ ಗೆರೆ ಕೂಡಲಿಲ್ಲ. ನಡುವೆ ಯಾವ ಟೌನಿಗೂ ಸೇರದ ಚೂರುಗಳು ಉಳಿದವು. ಅವಕ್ಕೆ ಗೋರ್ ಎನ್ನುತ್ತಾರೆ. ಬ್ಯೂಲ್ಸ್ ಗೋರ್ ಎಂಬಲ್ಲಿ ಈಗಲೂ ಮೂವತ್ತರ ಆಸುಪಾಸು ಜನ ಇದ್ದಾರೆ. ನಮ್ಮ ಕಡೆಯಾಗಿದ್ದರೆ ಪಕ್ಕದ ತೋಟದವರು ಎಂದೋ ಬೇಲಿ ಸರಿಸಿ ಒಳಗೆ ಹಾಕಿಕೊಳ್ಳುತ್ತಿದ್ದರು!

ಈಗ ಹಿಮ ಕರಗಿ ಎಲ್ಲೆಲ್ಲೂ ಕೆಸರು. ರಾಜ್ಯದ ಅರ್ಧಕ್ಕಿಂತ ಜಾಸ್ತಿ ರಸ್ತೆಗಳಿಗೆ ಟಾರೇ ಇಲ್ಲ. ಅಮೆರಿಕಾ ಎಂದರೆ ಹೀಗೂ ಇರುತ್ತದೆ ಎಂದು ಅಮ್ಮನಿಗೆ ಹೇಳಿ, ನಂಬುವುದಿಲ್ಲ.

ಜೊತೆಗೆ ನಕ್ಷೆ ಇಟ್ಟಿದ್ದೇನೆ. ಬ್ಯಾರಿಗೆ ಕೆಂಪು ಗುರುತು ಹಾಕಿದ್ದೇನೆ. ಬ್ಯೂಲ್ಸ್ ಗೋರ್ ನೀವೇ ಹುಡುಕಿ. ಅದಕ್ಕೆ ಮುಂಚೆ ಕನ್ನಡಕ ಬದಲಾಯಿಸಿಕೊಳ್ಳಿ, ಸುಮ್ನೆ ಮುಂದೂಡಬೇಡಿ.

ನಿಮ್ಮ ಮಗಳು