ಚಳಿಗಾಲದ ಸೌದೆಯ ಲೆಕ್ಕ

ಪ್ರೀತಿಯ ತಮ್ಮನಿಗೆ,

ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಆಯುಧ ಎತ್ತಿ 1859ರಲ್ಲಿ ನೇಣಿಗೇರಿದ ಜಾನ್ ಬ್ರೌನ್ ಬಗ್ಗೆ ನೀನು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಬಿಸಿ ಇದೆ, ಓಟ ಇದೆ. ಆದರೆ ಮೊದಲ ಸಾಲಿನಲ್ಲೇ ನೇಣುಗಂಬ ನೆಟ್ಟುಬಿಟ್ಟಿದ್ದೀಯ. ಅಲ್ಲಿಂದ ಮುಂದೆ ಆ ಮನುಷ್ಯ ಏನು ಮಾಡಿದರೂ ಹುತಾತ್ಮನೇ. ಕುರಿ ಸಾಕಿದರೂ ಹುತಾತ್ಮ, ಚರ್ಮ ಹದ ಮಾಡಿದರೂ ಹುತಾತ್ಮ. ಓದುವವರಿಗೆ ಮಾಡಲು ಏನೂ ಉಳಿಯಲಿಲ್ಲ.

ಬ್ರೌನ್ ಮನೆಯವರು ಪತ್ರಗಳನ್ನು ಉಳಿಸಿಕೊಂಡಿದ್ದು ನಮ್ಮ ಪುಣ್ಯ ಅಂತ ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೀಯ. ನಿನ್ನ ಲೇಖನ ಅಲ್ಲೇ ಶುರುವಾಗಬೇಕಿತ್ತು. ಯಾವ ಕಾಗದವನ್ನು ಯಾರು ಇಟ್ಟುಕೊಂಡರು? ಯಾಕೆ ಇಟ್ಟುಕೊಂಡರು?

ನಮ್ಮ ಅಜ್ಜಿ ಬಂದ ಕಾಗದಗಳನ್ನೆಲ್ಲ ನಡುಮನೆಯ ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದರು. ಸಾವಿನ ಸುದ್ದಿಯ ಕಾಗದ ಮಾತ್ರ ಆ ತಂತಿಗೆ ಏರುತ್ತಿರಲಿಲ್ಲ. ಓದಿ, ಹೊರಗೇ ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಹಾಗಾಗಿ ಆ ತಂತಿಯನ್ನಷ್ಟೇ ನಂಬಿದರೆ ನಮ್ಮ ಮನೆತನದಲ್ಲಿ ಮದುವೆ, ಬಾಣಂತನ ಬಿಟ್ಟು ಬೇರೇನೂ ನಡೆದೇ ಇಲ್ಲ!

ಬ್ರೌನ್ ಮನೆಯ ತಂತಿ ಇದಕ್ಕೆ ಪೂರ್ತಿ ಉಲ್ಟಾ. 1843ರ ಸೆಪ್ಟೆಂಬರ್‌ನಲ್ಲಿ ಓಹಾಯೋದ ರಿಚ್‌ಫೀಲ್ಡ್‌ನಲ್ಲಿ ರಕ್ತಭೇದಿ ಬಂದು ಆತನ ನಾಲ್ಕು ಮಕ್ಕಳು ಒಂದೇ ತಿಂಗಳಲ್ಲಿ ಹೋದವು. ದೂರ ಇದ್ದ ದೊಡ್ಡ ಮಗನಿಗೆ ಅಪ್ಪ ಆ ಸುದ್ದಿ ಬರೆದ. ನಾಲ್ವರೂ ಈಗ ಒಂದು ಪುಟ್ಟ ಸಾಲಾಗಿ ಮಲಗಿದ್ದಾರೆ ಎಂಬ ಅರ್ಥದ ಮಾತು ಅದರಲ್ಲಿದೆ. ಮೂರು ವರ್ಷದ ನಂತರ ಇನ್ನೊಂದು ಸಾವು. ಆತ ಉಣ್ಣೆ ವ್ಯಾಪಾರಕ್ಕೆಂದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ. ಇತ್ತ ಮನೆಯಲ್ಲಿ ಪುಟ್ಟ ಅಮೀಲಿಯಾ ಬಿಸಿನೀರು ಬಿದ್ದು ತೀರಿಕೊಂಡಳು. ಅಕ್ಕ ರೂತ್‌ಳ ಕೈಯಿಂದ ಆದ ಅವಘಡ. ಯಾರೂ ರೂತ್‌ಳನ್ನು ಸುಮ್ಮಸುಮ್ಮನೆ ದೂರಬೇಡಿ ಎಂದು ಅಪ್ಪ ಬರೆದ. ಮನೆಯವರ ಕಡೆ ನಾನು ತೋರಿಸಿರುವ ಅಸಡ್ಡೆ ಸರಿಯಾಗಿ ನನ್ನ ಅರಿವಿಗೆ ಬಂದರೆ ಹುಚ್ಚೇ ಹಿಡಿದೀತು ಎಂಬಂಥ ಮಾತೂ ಅದೇ ಪತ್ರದಲ್ಲಿದೆ. ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದವನನ್ನು ತಿಳಿಯೋಕೆ ಇದೆಲ್ಲ ಬೇಕಾ ಅಂತ ನೀನು ಕೇಳಬಹುದು. ಮುಂದೆ ತನ್ನ ಮಕ್ಕಳನ್ನೇ ಜೊತೆಗೆ ಕರೆದುಕೊಂಡು ಸಾವಿನ ಬಾಯಿಗೆ ಹೋದವನು ಈತ. ಮಕ್ಕಳ ಸಾವು ಏನೆಂದು ಗೊತ್ತಿಲ್ಲದವನು ಹಾಗೆ ಹೋಗಿದ್ದರೆ ಕಥೆ ಬೇರೆ.

ಇನ್ನು ಸ್ಟರ್ನ್ಸ್ ಹುಡುಗನಿಗೆ ಬರೆದ ಪತ್ರ. 1857ರ ಜುಲೈ 15, ಅಯೋವಾದ ರೆಡ್ ರಾಕ್. ಹೆನ್ರಿ ಎಂಬ ಹುಡುಗ ತನ್ನ ಕೈಖರ್ಚಿನ ಕಾಸು ಕೊಟ್ಟಿದ್ದನೆಂದು ಬ್ರೌನ್ ತನ್ನ ಬಾಲ್ಯದ ಕಥೆ ಬರೆದು ಕಳಿಸಿದ. ತನ್ನನ್ನೇ 'ಜಾನ್' ಅಂತ ಕರೆದುಕೊಂಡು, ಬೇರೆ ಯಾರದೋ ಕಥೆ ಹೇಳುವ ಹಾಗೆ. ನಾಲ್ಕು ವರ್ಷದವನಿದ್ದಾಗ ಮೂರು ಹಿತ್ತಾಳೆ ಗುಂಡುಸೂಜಿ ಕದ್ದು ಅಮ್ಮನಿಂದ ಪೆಟ್ಟು ತಿಂದದ್ದು, ಅಮೆರಿಕದ ಮೂಲನಿವಾಸಿ ಹುಡುಗ ಕೊಟ್ಟ ಹಳದಿ ಗೋಲಿ ಕಳೆದುಹೋಗಿ ಆ ನೋವು ಆರಲು ವರ್ಷಗಳೇ ಹಿಡಿದದ್ದು, ಮೋಟುಬಾಲದ ಅಳಿಲು. ಆಮೇಲೆ ತನ್ನದೇ ವಯಸ್ಸಿನ ಒಬ್ಬ ಗುಲಾಮ ಹುಡುಗನಿಗೆ ಒಡೆಯ ಕಬ್ಬಿಣದ ಸಲಿಕೆಯಲ್ಲಿ ಹೊಡೆದದ್ದನ್ನು ಕಂಡದ್ದು. ಎಷ್ಟು ಚೆನ್ನಾಗಿದೆ ಅಲ್ವಾ? ನೀನು ಇದನ್ನು ಇದ್ದದ್ದು ಇದ್ದ ಹಾಗೇ ನಂಬಿ ಪೂರ್ತಿ ಇಳಿಸಿಕೊಂಡಿದ್ದೀಯ. ನಾನೂ ನಂಬುತ್ತೇನೆ. ಆದರೆ ಆ ಹುಡುಗನ ಅಪ್ಪ ಜಾರ್ಜ್ ಲೂಥರ್ ಸ್ಟರ್ನ್ಸ್ ಬ್ರೌನ್‌ಗೆ ಹಣ ಕೊಡುತ್ತಿದ್ದ ಸಿರಿವಂತ. ಮಗನಿಗೆ ಬಂದ ಕಾಗದವನ್ನು ಅಪ್ಪ ಅಮ್ಮ ಓದದೇ ಬಿಡುತ್ತಾರಾ? ಗೋಲಿ ನಿಜ, ಕಣ್ಣೀರೂ ನಿಜ, ಚಂದಾಪಟ್ಟಿಯೂ ನಿಜ. ಮೂರನ್ನೂ ಒಟ್ಟಿಗೆ ಬರೆಯಲು ಕಲಿ.

ನಿನ್ನ ಲೇಖನದಲ್ಲಿ ನನಗೆ ಜಾಸ್ತಿ ಕಿರಿಕಿರಿ ಆಗಿದ್ದು ಪಾಟವಾಟಮಿ ಪ್ರಕರಣದಲ್ಲಿ. ಅದನ್ನು "ಕೆಲವು ಅಹಿತಕರ ಘಟನೆಗಳು" ಅಂತ ದಾಟಿಸಿದ್ದೀಯ. ಅದು ಪೊಲೀಸ್ ಪ್ರಕಟಣೆಯ ಭಾಷೆ, ಬರಹಗಾರನದಲ್ಲ. 1856ರ ಮೇ 24ರ ರಾತ್ರಿ ಕ್ಯಾನ್ಸಸ್‌ನಲ್ಲಿ, ಗುಲಾಮಗಿರಿಯ ಪರ ಇದ್ದ ಐವರನ್ನು ಬ್ರೌನ್‌ನ ತಂಡ ಮನೆಗಳಿಂದ ಹೊರಗೆಳೆದು ಕತ್ತಿಯಿಂದ ಕಡಿಯಿತು. ಆತನ ನಾಲ್ವರು ಗಂಡುಮಕ್ಕಳೂ ತಂಡದಲ್ಲಿದ್ದರು. ಮುಂದಿನ ತಿಂಗಳು ಬ್ರೌನ್ ಮನೆಗೆ ಬರೆದ ಪತ್ರ ನೋಡು. ಐವರನ್ನು ಕೊಂದ ಆರೋಪ ನಮ್ಮ ಮೇಲೆ ಬಂತು, ನಮ್ಮನ್ನು ಹಿಡಿಯಲು ಓಡಾಡುತ್ತಿದ್ದಾರೆ, ಅಷ್ಟೇ. ಮಾಡಿದೆ ಅನ್ನುವುದಿಲ್ಲ, ಮಾಡಿಲ್ಲ ಅನ್ನುವುದೂ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೆಂಡತಿಗೂ ಮಕ್ಕಳಿಗೂ ಎಲ್ಲವನ್ನೂ ಬಿಚ್ಚಿ ಬರೆಯುವವನ ಕೈ ಇಲ್ಲಿ ಯಾಕೆ ಇಷ್ಟು ಹುಷಾರಾಯಿತು? ಆ ರಾತ್ರಿ ಜೊತೆಗಿದ್ದ ಜೇಮ್ಸ್ ಟೌನ್ಸ್‌ಲಿ 1879ರಲ್ಲಿ ಬಾಯಿ ಬಿಡುವ ತನಕ ಬ್ರೌನ್‌ನ ಸ್ನೇಹಿತರು ಆತ ಅಲ್ಲಿರಲೇ ಇಲ್ಲ ಎಂದು ವಾದಿಸುತ್ತಿದ್ದರು.

ಈ ಜಾಗದಲ್ಲಿ ಬೇರೆ ಮನೆಯ ಒಂದು ಕಾಗದ ಇಡಬೇಕು. ಅಂದು ಸತ್ತ ಐವರಲ್ಲಿ ಜೇಮ್ಸ್ ಡಾಯ್ಲ್ ಮತ್ತು ಅವನ ಇಬ್ಬರು ಗಂಡುಮಕ್ಕಳಿದ್ದರು. ಹೆಂಡತಿ ಮಹಾಲಾ ಬೇಡಿಕೊಂಡಿದ್ದರಿಂದ ಮೂರನೆಯ ಹುಡುಗ ಜಾನ್ ಉಳಿದ. 1859ರ ನವೆಂಬರ್ 20ರಂದು ಮಹಾಲಾ ಟೆನೆಸಿಯ ಚಟನೂಗದಿಂದ ಜೈಲಿನಲ್ಲಿದ್ದ ಬ್ರೌನ್‌ಗೆ ಬರೆದಳು. ನಿನಗೂ ಈಗ ಇಬ್ಬರು ಮಕ್ಕಳು ಹೋಗಿದ್ದಾರೆ, ನನ್ನ ಸಂಕಟ ಏನೆಂದು ಇನ್ನಾದರೂ ಗೊತ್ತಾಗುತ್ತದೆ ಅಂದಳು. ಗುಲಾಮರನ್ನು ಬಿಡಿಸಲು ಮಾಡಿದೆ ಅನ್ನಬೇಡ, ನಮ್ಮ ಹತ್ತಿರ ಗುಲಾಮರೇ ಇರಲಿಲ್ಲ ಅಂದಳು. ಉಳಿದ ಮಗ ನಿನ್ನ ನೇಣಿನ ದಿನ ಅಲ್ಲಿ ಇರಬೇಕೆನ್ನುತ್ತಾನೆ ಅಂತಲೂ ಸೇರಿಸಿದಳು. ಓದಿದರೆ ಮೈ ಜುಂ ಅನ್ನುತ್ತದೆ. ಇದನ್ನು ಸೇರಿಸಿದರೆ ಬ್ರೌನ್ ಚಿಕ್ಕವನಾಗುತ್ತಾನೆ ಅಂತ ಹೆದರಬೇಡ.

ನಾನೇ ಈ ತಪ್ಪು ಮಾಡಿದ್ದೇನೆ. ಒಬ್ಬ ಹಿರಿಯರ ಬಗ್ಗೆ, ಅವರ ಮನೆಯವರು ಕೊಟ್ಟ ಪತ್ರಗಳನ್ನಷ್ಟೇ ಓದಿ ದೊಡ್ಡ ಲೇಖನ ಬರೆದೆ. ವಾರ ಕಳೆಯುವುದರೊಳಗೆ ಪಕ್ಕದ ಊರಿಂದ ಒಂದು ಕಾರ್ಡ್ ಬಂತು. "ನಮ್ಮ ಗದ್ದೆಯ ವಿಷಯವನ್ನೂ ಕೇಳಬೇಕಿತ್ತು ಮೇಡಂ." ಅಷ್ಟೇ ಇತ್ತು. ಆ ಕಾರ್ಡ್ ಇನ್ನೂ ನನ್ನ ಮೇಜಿನ ಮೇಲಿದೆ.

ಹಾರ್ಪರ್ಸ್ ಫೆರಿಗೆ ಬರೋಣ. 1859ರ ಅಕ್ಟೋಬರ್ 16ರ ರಾತ್ರಿ, ಬ್ರೌನ್ ಮತ್ತು 21 ಮಂದಿ. ಗಂಡುಮಕ್ಕಳಾದ ವಾಟ್ಸನ್, ಆಲಿವರ್ ಅಲ್ಲೇ ಮುಗಿದರು. ಇವರಿಬ್ಬರ ಬಗ್ಗೆ ಚೆನ್ನಾಗಿ ಬರೆದಿದ್ದೀಯ. ಆದರೆ ತಂಡದಲ್ಲಿ ಎಲ್ಲರಿಗಿಂತ ಮೊದಲು ಗುಂಡಿಗೆ ಬಿದ್ದವನು ಡೇಂಜರ್‌ಫೀಲ್ಡ್ ನ್ಯೂಬಿ. ಅವನು ಬಿಡುಗಡೆ ಪಡೆದ ಕಪ್ಪು ಮನುಷ್ಯ. ಹೆಂಡತಿ ಹ್ಯಾರಿಯೆಟ್, ಮಕ್ಕಳು ಮಾತ್ರ ವರ್ಜೀನಿಯಾದಲ್ಲಿ ಇನ್ನೂ ಗುಲಾಮರು. ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ಪರದಾಡಿದ, ಕೈಗೂಡಲಿಲ್ಲ. ಹ್ಯಾರಿಯೆಟ್ ಅವನಿಗೆ ಬರೆದ ಮೂರು ಪತ್ರ ಉಳಿದಿವೆ. ಮಗು ಇವತ್ತು ಅಂಬೆಗಾಲಿಡಲು ಶುರು ಮಾಡಿತು ಅಂತ ಒಂದರಲ್ಲಿದೆ. ದುಡ್ಡಿರಲಿ ಬಿಡಲಿ, ತಪ್ಪದೆ ಬಾ ಅಂತ ಇನ್ನೊಂದರಲ್ಲಿ. ನೀನು ನನ್ನನ್ನು ಬೇಗ ಕೊಂಡುಕೊಳ್ಳದಿದ್ದರೆ ಬೇರೆ ಯಾರಾದರೂ ಕೊಂಡುಕೊಳ್ಳುತ್ತಾರೆ ಎಂಬುದು ಆಗಸ್ಟ್‌ನ ಪತ್ರ. ಅವನು ಸತ್ತ ಮೇಲೆ ಆಕೆಯನ್ನು ಲೂಸಿಯಾನಾ ಕಡೆಗೆ ಮಾರಿದರು.

ಈ ಪತ್ರಗಳನ್ನು ಉಳಿಸಿದವರು ಯಾರು ಗೊತ್ತಾ? ವರ್ಜೀನಿಯಾ ಸರ್ಕಾರ. ದಂಗೆಯ ಸಾಕ್ಷಿ ಅಂತ ಕಡತದಲ್ಲಿ ಇಟ್ಟುಕೊಂಡಿತು. ಬ್ರೌನ್‌ಗೆ ಪತ್ರ ಕಾಯುವ ಮನೆಯಿತ್ತು, ಹಣವಂತ ಸ್ನೇಹಿತರಿದ್ದರು, 1885ರಲ್ಲಿ ಅವುಗಳನ್ನು ಅಚ್ಚು ಹಾಕಿಸಿದ ಸ್ಯಾನ್‌ಬೋರ್ನ್ ಇದ್ದ. ನ್ಯೂಬಿಗೆ ಬೀಗ ಹಾಕಿಡುವ ಪೆಟ್ಟಿಗೆಯೂ ಇರಲಿಲ್ಲ, ಅವನ ಹೆಂಡತಿಯ ದನಿಯನ್ನು ಶತ್ರುವೇ ಕಾಯಬೇಕಾಯಿತು. ನಿನ್ನ ಲೇಖನದಲ್ಲಿ ಹ್ಯಾರಿಯೆಟ್‌ಗೆ ಒಂದು ಸಾಲೂ ಇಲ್ಲ. ತಂದು ಕೂರಿಸು. ಅನುವಾದ ಮಾಡುವಾಗ ಆಕೆಯ ಮಾತನ್ನು ತೊಳೆದು ಇಸ್ತ್ರಿ ಮಾಡಬೇಡ. ಕಾಗುಣಿತ ತಪ್ಪಿದ, ಪೂರ್ಣವಿರಾಮ ಇಲ್ಲದ ಪತ್ರಗಳವು. ಒಂದೇ ಉಸಿರಿನಲ್ಲಿ ಓಡುತ್ತವೆ, ಹಾಗೇ ಓಡಲಿ. "ಪ್ರಿಯತಮನೇ" ಅಂತೆಲ್ಲ ಹಾಕಿದೆಯೋ, ಕೆಟ್ಟಿತು.

ಬ್ರೌನ್‌ನ ಮಗಳು ಆ್ಯನಿಯನ್ನು ಬಿಟ್ಟಿಲ್ಲ, ಸಂತೋಷ. ದಾಳಿಗೆ ಮುಂಚೆ ಕೆನಡಿ ತೋಟದ ಮನೆಯಲ್ಲಿ, 15 ವರ್ಷದ ಹುಡುಗಿ ಕಾವಲು ಕೂತು, ಇಣುಕಲು ಬರುವ ಪಕ್ಕದ ಮನೆಯಾಕೆಯನ್ನು ಸಾಗಹಾಕಿ, ಅಟ್ಟದ ಮೇಲೆ ಅಡಗಿದ್ದವರನ್ನು "ನನ್ನ ಅದೃಶ್ಯರು" ಅಂತ ಕರೆಯುತ್ತಿದ್ದಳು. ಆದರೆ ಅದೆಲ್ಲ ಆಕೆ ಎಷ್ಟೋ ವರ್ಷ ಕಳೆದ ಮೇಲೆ ನೆನಪಿನಿಂದ ಹೇಳಿದ್ದು. ಅಂದಿನ ಕಾಗದ ಬೇರೆ, ನೆನಪಿನ ಕಾಗದ ಬೇರೆ. ಎರಡನ್ನೂ ಬಳಸು, ಕಲಸಬೇಡ.

ಗಲ್ಲಿಗೆ ಹೋಗುವ ದಾರಿಯಲ್ಲಿ ಬ್ರೌನ್ ಕಪ್ಪು ಮಗುವಿಗೆ ಮುತ್ತಿಟ್ಟ ದೃಶ್ಯ ಪೂರ್ತಿ ಹೊಡೆದುಹಾಕು. ಅದು ಪತ್ರಿಕೆಯಲ್ಲಿ ಹುಟ್ಟಿ ಚಿತ್ರಗಳಲ್ಲಿ ಬೆಳೆದ ಕಥೆ. ಅಂದು ದಾರಿಯ ತುಂಬ ಸೈನಿಕರಿದ್ದರು, ಮಗು ಎಲ್ಲಿಂದ ಬರಬೇಕು? ನಿಜವಾಗಿ ಇರುವುದು ಆತ ನವೆಂಬರ್ 29ರಂದು ಸ್ಟರ್ನ್ಸ್‌ನ ಹೆಂಡತಿಗೆ ಬರೆದ ಒಂದು ಆಸೆ. ನನ್ನ ಹತ್ತಿರ ಕಪಟ ಪ್ರಾರ್ಥನೆ ಮಾಡುವ ಪಾದ್ರಿಗಳು ಬೇಡ, ಹರಕು ಬಟ್ಟೆಯ, ಬರಿಗಾಲಿನ ಗುಲಾಮ ಮಕ್ಕಳು ಬರಲಿ, ಅವರನ್ನು ತಲೆ ನರೆತ ಒಬ್ಬ ಗುಲಾಮ ತಾಯಿ ಕರೆತರಲಿ ಎಂದು. ಅದು ನಡೆಯಲಿಲ್ಲ. ನಡೆಯದ ಆಸೆಯನ್ನೇ ಬರೆದರೆ ಆ ಮುತ್ತಿಗಿಂತ ಹತ್ತು ಪಾಲು ಚೆನ್ನಾಗಿರುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಲಿ ಅನ್ನುತ್ತೀಯ. ನಾನಾಗಿದ್ದರೆ ಸೌದೆಯಿಂದ. ಚಾರ್ಲ್ಸ್‌ಟೌನ್ ಜೈಲಿನಿಂದ ಬ್ರೌನ್, ಹೆಂಡತಿ ಮೇರಿ ತನ್ನನ್ನು ನೋಡಲು ಈಗಲೇ ಬರುವುದು ಬೇಡ ಎಂದು ಬರೆದ. ಆಕೆಯ ಮನಸ್ಸು ಇನ್ನಷ್ಟು ಕದಡುತ್ತದೆ, ಇರುವ ಅಷ್ಟಿಷ್ಟು ದುಡ್ಡೂ ಖಾಲಿಯಾಗುತ್ತದೆ. ಅದರಲ್ಲಿ ಈ ಚಳಿಗಾಲಕ್ಕೆ ರೊಟ್ಟಿ, ಅಗ್ಗದ ಬೆಚ್ಚನೆ ಬಟ್ಟೆ, ಸೌದೆ ಆಗಬೇಕು. ನೇಣಿಗೆ ತಿಂಗಳೂ ಇಲ್ಲದವನು ಮನೆಯವರಿದ್ದ ನಾರ್ತ್ ಎಲ್ಬಾದ ಚಳಿಗೆ ಸೌದೆ ಲೆಕ್ಕ ಹಾಕುತ್ತಿದ್ದಾನೆ. ಕೊನೆಗೆ ಮೇರಿ ಬಂದದ್ದು ಡಿಸೆಂಬರ್ 1ರಂದು, ನೇಣಿನ ಹಿಂದಿನ ದಿನ. ಅವತ್ತೇ ಆತ ಉಯಿಲು ಬರೆಸಿದ. ದೊಡ್ಡ ಮಗನಿಗೆ ಜಮೀನು ಅಳೆಯುವ ದಿಕ್ಸೂಚಿ, ಇನ್ನೊಬ್ಬ ಮಗ ಜೇಸನ್‌ಗೆ ಹೆಸರು ಕೊರೆದ ಬೆಳ್ಳಿ ಗಡಿಯಾರ, ರೂತ್‌ಗೆ ಮನೆಯವರ ಹೆಸರೆಲ್ಲ ಬರೆದ ದೊಡ್ಡ ಹಳೇ ಬೈಬಲ್.

ಮರುದಿನ, ಡಿಸೆಂಬರ್ 2ರ ಬೆಳಿಗ್ಗೆ, ಮೇರಿಗೆ ಕೊನೆಯ ಚೀಟಿ. ಸಮಾಧಿಕಲ್ಲಿನ ಮೇಲೆ ಯಾರ ಯಾರ ಹೆಸರು ಕೊರೆಸಬೇಕು ಎಂಬ ಬರಹ ಕಳಿಸುವುದಿತ್ತು. ಇದರ ಜೊತೆ ಇಟ್ಟಿದ್ದೇನೆ, ನಿನ್ನೆ ಮರೆತಿದ್ದೆ, ಇನ್ನೊಂದು ಸಲ ಹೋಗಿಬರುತ್ತೇನೆ ಎಂಬ ಅರ್ಥದ ನಾಲ್ಕು ಸಾಲು. ನೀನು ಈ ಚೀಟಿಯನ್ನು ಉದ್ಧರಿಸಿದ್ದೀಯ. ಉದ್ದವಾಯಿತು ಅಂತಲೋ ಏನೋ, ಆ "ನಿನ್ನೆ ಮರೆತಿದ್ದೆ" ಮಾತ್ರ ಕತ್ತರಿಸಿದ್ದೀಯ. ಅದನ್ನು ವಾಪಸ್ ಹಾಕಿ ಕಳಿಸು, ಓದುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಕ್ಕ