ಮೇಘನಾ ನದಿ ದಾಟಿದ ದೋಣಿಯಲ್ಲಿ ಯಾರ್ಯಾರಿದ್ದೆವು?

ಕೋಡಿಬಾಗ, ಕಾರವಾರ

ಪ್ರೀತಿಯ ದೋಸ್ತ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆ ಆಯ್ತಾ? ವೈನಿಯವರಿಗೆ ನನ್ನ ನಮಸ್ಕಾರ ಹೇಳು.

ನನಗೆ ಬರಬೇಕಾಗಿದ್ದ ಒಂದು ಯುದ್ಧದ ಮೆಡಲ್ ಬಾರದೇ ಉಳಿದ ಈ ವಿಷಯ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ನೀನು ಎರಡು ಸಲ ಓದಬೇಕು, ಆಮೇಲೆ ಒಂದು ಕಾಗದ ಬರೆದುಕೊಡಬೇಕು. ಅದಕ್ಕೇ ಪತ್ರ. ಮಗಳು ಇದನ್ನು ಟೈಪ್ ಮಾಡಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾಳೆ. ನಮ್ಮ ಕಂಪನಿಯವರು ಇನ್ನೂ ಯಾರಾದರೂ ಇದ್ದರೆ ಅವರ ಕಣ್ಣಿಗೂ ಬೀಳಲಿ ಅಂತ.

ಹೋದ ವರ್ಷ ಪೆನ್ಶನ್ ಕೆಲಸಕ್ಕೆ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯ ಬಿಡುವಾಗ ಕೊಡುವ ಸೇವೆಯ ಪುಸ್ತಕ, ಬೇಕಾಯಿತು. ಟ್ರಂಕಿನಿಂದ ತೆಗೆದೆ. ನಮ್ಮ ಕರಾವಳಿಯ ಮಳೆಗೆ ಕಾಗದ ಉಳಿಯುವುದೇ ಕಷ್ಟ, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಗಳು ಮೆಲ್ಲಗೆ ಬಿಡಿಸಿ ಒಂದೊಂದೇ ಸಾಲು ಓದಿದಳು. ಮೆಡಲ್‌ಗಳ ಕಡೆ ಬಂದಾಗ ಸಂಗ್ರಾಮ್ ಮೆಡಲ್ ಅಂದಳು. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 9 ವರ್ಷ ಸೇವೆಯ ಮೆಡಲ್ ಅಂದಳು. ಅಲ್ಲಿಗೆ ಮುಗಿಯಿತು. "ಅಪ್ಪಾ, ನೀವು ಢಾಕಾ ಕಡೆ ಹೋಗಿದ್ದು ಇದರಲ್ಲಿ ಎಲ್ಲೂ ಇಲ್ಲವಲ್ಲ?"

ಪೂರ್ವಿ ಸ್ಟಾರ್ ಅನ್ನುವ ಮೆಡಲ್ ಬಂದಿಲ್ಲ ಅನ್ನುವುದು ನನಗೆ ಗೊತ್ತಿತ್ತು. 1973ರಲ್ಲಿ ಹೆಡ್ ಕ್ಲರ್ಕ್ ಬಳಿ ಕೇಳಿದ್ದೆ. "ಹಳೆ ಯೂನಿಟ್‌ನಿಂದ ಬರತ್ತೆ" ಅಂದಿದ್ದರು. ಬರತ್ತೆ ಅಂತ ಬಿಟ್ಟೆ. ಆದರೆ ಪುಸ್ತಕದಲ್ಲೂ ಬರೆದಿಲ್ಲ ಅನ್ನುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸಂಗ್ರಾಮ್ ಮೆಡಲ್ 1971ರ ಪಾಕಿಸ್ತಾನದ ಜೊತೆಗಿನ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರಿಗೆಲ್ಲ ಸಿಕ್ಕಿದ್ದು. ಪೂರ್ವಿ ಸ್ಟಾರ್ ಪೂರ್ವದ ರಣರಂಗದಲ್ಲಿ ಇದ್ದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮದಲ್ಲಿ ಇದ್ದವರಿಗೆ. ಅಂದರೆ ನನ್ನ ಪುಸ್ತಕ ಓದಿದವರಿಗೆ ನಾನು 1971ರ ಡಿಸೆಂಬರ್‌ನಲ್ಲಿ ಎಲ್ಲೋ ಡಿಪೋದಲ್ಲಿ ಕೂತಿದ್ದೆ ಅಂತ ಅನಿಸುತ್ತದೆ. ಡಿಪೋದಲ್ಲಿ ಕೂತವರು ಕಮ್ಮಿ ಅಂತಲ್ಲ. ಆದರೆ ನಾನು ಅಲ್ಲಿ ಇರಲಿಲ್ಲವಲ್ಲ.

ನಾನು ಎಲ್ಲಿದ್ದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಗರ್ತಲಾದಿಂದ ಹೊರಟಿದ್ದು, ಆಗಿನ ಪೂರ್ವ ಪಾಕಿಸ್ತಾನದ, ಈಗಿನ ಬಾಂಗ್ಲಾದೇಶದ ಅಖೌರಾ ನಮ್ಮವರ ಕೈಗೆ ಬಂದಿದ್ದು, ಬ್ರಾಹ್ಮಣ್‌ಬಾರಿಯಾ ದಾಟಿ ಆಶುಗಂಜ್ ಕಡೆ ನಡೆದಿದ್ದು. ಡಿಸೆಂಬರ್ 9ರಂದು ಮೇಘನಾ ಮೇಲಿನ ಆ ದೊಡ್ಡ ರೈಲು ಸೇತುವೆಯನ್ನು ಪಾಕಿಸ್ತಾನದವರು ಸಿಡಿಸಿದ ಸದ್ದು ನನಗೆ ಇವತ್ತಿಗೂ ಎದೆಯಲ್ಲಿದೆ. 2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು, ಪೇಪರಿನಲ್ಲಿ ಓದಿರಬೇಕು. ಬೆಳಿಗ್ಗೆ ದಡದಲ್ಲಿ ನಿಂತು ನೀರಿಗೆ ಬಗ್ಗಿದ್ದ ಆ ಕಾಂಕ್ರೀಟ್ ನೋಡುವಾಗ ಪಕ್ಕದವರು ಏನೋ ಕೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ನಾನು ಆಶುಗಂಜಿನಲ್ಲಿದ್ದೆ.

ಸೇತುವೆ ಹೋದ ಮೇಲೆ ಹೆಲಿಕಾಪ್ಟರ್‌ಗಳು ಜನರನ್ನು ಎತ್ತಿ ಆಚೆ ದಡಕ್ಕೆ ಇಳಿಸತೊಡಗಿದವು. ನಮ್ಮ ಪಾಲಿಗೆ ಬಂದಿದ್ದು ಊರವರ ದೋಣಿ. ಮೇಘನಾ ಅಂದರೆ ನದಿಯಾ ಅದು! ಮಂಜಿನಲ್ಲಿ ಆಚೆ ದಡವೇ ಇಲ್ಲ. ನನಗೆ ಮಾತ್ರ ಅದು ಕಾಳಿ ಸಂಗಮದ ಹಾಗೇ ಕಂಡಿತು. ನಾನು ಪಾತಿದೋಣಿಯಲ್ಲಿ ಬೆಳೆದವನು. ನೀನು ಗದಗಿನ ಕಡೆಯವನು, ಕೆರೆ ಬಿಟ್ಟು ಬೇರೆ ನೀರು ಕಂಡವನಲ್ಲ. ಆ ಮುದುಕ ಅಂಬಿಗ ಒಬ್ಬನೇ ಒದ್ದಾಡುತ್ತಿದ್ದಾಗ ನಾನು ರೈಫಲ್ ನಿನ್ನ ಕೈಗೆ ಕೊಟ್ಟು ಇನ್ನೊಂದು ಹುಟ್ಟು ಹಿಡಿದೆ. ನೀನು ಎರಡು ರೈಫಲ್ ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಬೆಲ್ಟ್ ಹಿಡಿದು ಕೂತೆ. ಆಚೆ ದಡ ಮುಟ್ಟುವವರೆಗೂ ಬಿಡಲಿಲ್ಲ. ಇಳಿಯುವಾಗ ಆ ಅಂಬಿಗ ನನ್ನ ಅಂಗೈ ತಿರುಗಿಸಿ ನೋಡಿದ. ಏನೋ ಹೇಳಿದ. ಬಂಗಾಳಿ ನನಗೆ ಬರುತ್ತಿರಲಿಲ್ಲ. ಆದರೆ ದೋಣಿಯವರ ಕೈ ದೋಣಿಯವರಿಗೆ ಗೊತ್ತಾಗುತ್ತದೆ.

ಹದಿನಾರನೇ ತಾರೀಖು ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕಿದರು. ತೊಂಬತ್ತಮೂರು ಸಾವಿರ ಜನ ಸೆರೆ. ಅದೆಲ್ಲ ಪುಸ್ತಕಗಳಲ್ಲಿದೆ, ನಾನು ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಆಮೇಲಿನದು. ಜನವರಿಯಲ್ಲಿ ನನಗೆ ಮಲೇರಿಯಾ ಬಂತು. ನಮ್ಮ ಹೊನ್ನಾವರದವನಿಗೂ ಬಂತು. ನೀವು ನಾಲ್ಕು ಜನ ಸೇರಿ ನಮ್ಮಿಬ್ಬರನ್ನೂ ಒಂದೇ ಆಂಬುಲೆನ್ಸಿಗೆ ಹತ್ತಿಸಿದಿರಿ. ಆಸ್ಪತ್ರೆ, ಆಮೇಲೆ ಸಿಕ್ ಲೀವ್, ಆಮೇಲೆ ಡಿಪೋ, ಅಲ್ಲಿಂದ ಬೇರೆ ಬೇರೆ ಯೂನಿಟ್. ಮತ್ತೆ ನಿಮ್ಮ ಹತ್ತಿರ ಬರಲೇ ಇಲ್ಲ.

ತಪ್ಪು ಆಗಿದ್ದು ಅಲ್ಲೇ ಅಂತ ಈಗ ತಿಳಿಯಿತು. ಯುದ್ಧ ಮುಗಿದ ಮೇಲೆ ಯೂನಿಟ್‌ನಲ್ಲಿ ಮೆಡಲ್‌ಗೆ ನಾಮಿನಲ್ ರೋಲ್ ಮಾಡಿದಾಗ ಎದುರಿಗಿದ್ದವರ ಹೆಸರು ಬರೆದರು. ನಾವಿಬ್ಬರೂ ಎದುರಿಗೆ ಇರಲಿಲ್ಲ. ಹೊಸ ಯೂನಿಟ್‌ನವರು, ಇವರು ಹಳೆ ಯೂನಿಟ್‌ನ ಕಾಲದವರು, ಅವರೇ ಬರೆದಿರುತ್ತಾರೆ ಅಂದುಕೊಂಡರು. ಪಾರ್ಟ್ ಟೂ ಆರ್ಡರ್, ಅಂದರೆ ಇಂಥದ್ದನ್ನು ದಾಖಲೆಗೆ ಸೇರಿಸಲು ಯೂನಿಟ್ ಹೊರಡಿಸುವ ಆದೇಶ, ಆಗಲಿಲ್ಲ. ಪಾರ್ಟ್ ಟೂ ಆರ್ಡರ್ ಇಲ್ಲದೆ ಶೀಟ್ ರೋಲ್‌ಗೆ, ಅಂದರೆ ಸೈನಿಕನ ಮೂಲ ಸೇವಾ ದಾಖಲೆಗೆ, ಏನೂ ಏರುವುದಿಲ್ಲ. ಶೀಟ್ ರೋಲ್‌ನಲ್ಲಿ ಇಲ್ಲದ್ದು ಡಿಸ್ಚಾರ್ಜ್ ಬುಕ್ಕಿಗೆ ಬರುವುದಿಲ್ಲ. ಯಾರೂ ಬೇಕಂತ ಮಾಡಿದ್ದಲ್ಲ. ಒಬ್ಬರು ಇನ್ನೊಬ್ಬರು ಬರೆದಿರುತ್ತಾರೆ ಅಂತ ಬಿಟ್ಟರು.

ಮೊದಲು ಸೈನ್ಯದ ದಾಖಲೆ ಕಚೇರಿಗೆ ಒಂದು ಅರ್ಜಿ ಕಳಿಸಿದೆ. ಆರು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ದಾಖಲೆಯಲ್ಲಿ ನಮೂದು ಇಲ್ಲ, ಯೂನಿಟ್ ಮೂಲಕ ಬನ್ನಿ. ಯೂನಿಟ್‌ಗೆ ಬರೆದೆ. ಅಷ್ಟು ಹಳೆ ಕಾಗದ ನಮ್ಮಲ್ಲಿ ಇಲ್ಲ, ದಾಖಲೆಯವರನ್ನು ಕೇಳಿ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಸಂಕಟ ಆಯಿತು. ದಾಖಲೆಯಲ್ಲಿ ಇಲ್ಲ ಅಂತ ಅರ್ಜಿ ಹಾಕಿದವನಿಗೆ ದಾಖಲೆಯಲ್ಲಿ ಇಲ್ಲ ಅಂತಲೇ ಉತ್ತರ ಕೊಟ್ಟರೆ ಅವನು ಎಲ್ಲಿಗೆ ಹೋಗಬೇಕು?

ಆಮೇಲೆ ಮಗಳು ದಾರಿ ತೋರಿಸಿದಳು. ಮೆಡಲ್ ಕೇಳುವುದು ಬಿಡಿ, ಮೊದಲು ನಿಮ್ಮ ಶೀಟ್ ರೋಲ್‌ನ ನಕಲು ಕೇಳಿ ಅಂದಳು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆವು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ ಆ ಕಾಯ್ದೆಯಲ್ಲೇ ಇದೆ. ನಕಲು ಬಂತು. ದೋಸ್ತ, ಅದನ್ನು ಬಿಡಿಸಿದಾಗ ನನ್ನ ಕೈ ನಡುಗಿತು. 1969ರಿಂದ 1972ರ ಫೆಬ್ರವರಿವರೆಗೆ ನಾನು ನಮ್ಮ ಯೂನಿಟ್‌ನಲ್ಲೇ ಇದ್ದೆ ಅಂತ ಸ್ಪಷ್ಟವಾಗಿ ಬರೆದಿದೆ. ಆಸ್ಪತ್ರೆಗೆ ಸೇರಿದ ತಾರೀಖೂ ಇದೆ. ಯೂನಿಟ್ ಆಗ ಎಲ್ಲಿತ್ತು ಅನ್ನುವುದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ನಿನಗೆ ಆ ಸ್ಟಾರ್ ಬಂದಿದೆಯಲ್ಲ, ಅದೇ ಸಾಕ್ಷಿ.

ಇನ್ನೊಂದು ಸಿಕ್ಕಿತು. ಸೀಬರ್ಡ್ ನೌಕಾನೆಲೆಗಾಗಿ ಅರ್ಗಾದ ಮನೆ ಬಿಟ್ಟು ಬರುವಾಗ ನಮ್ಮಮ್ಮ, ಆಯಿ, ತನ್ನ ಸೀರೆಗಳ ನಡುವೆ ಒಂದು ಗಂಟು ಇಟ್ಟುಕೊಂಡಿದ್ದಳು. ಆಯಿ ಹೋದ ಮೇಲೂ ಅದನ್ನು ನಾವು ಬಿಚ್ಚಿರಲಿಲ್ಲ. ಈಗ ಬಿಚ್ಚಿದೆವು. ನಾನು ಬರೆದ ಕಾಗದಗಳೆಲ್ಲ ಅದರಲ್ಲಿವೆ. 1971ರ ನವೆಂಬರ್, ಡಿಸೆಂಬರ್‌ನ ಕಾಗದಗಳ ಮೇಲೆ 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿಯ ವಿಳಾಸ. ನಿನಗೆ ನೆನಪಿದೆಯಲ್ಲ, ಪಶ್ಚಿಮದವರಿಗೆ 56, ಪೂರ್ವದವರಿಗೆ 99. ಆಯಿಗೆ ಓದಲು ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಓದಿ ಹೇಳುತ್ತಿದ್ದ. ಓದಲು ಬಾರದವಳು ಇಟ್ಟುಕೊಂಡ ಕಾಗದವೇ ಇವತ್ತು ನನ್ನ ಕೈಯಲ್ಲಿರುವ ಗಟ್ಟಿ ಪುರಾವೆ.

ಇಲ್ಲಿ ಜನ ಕೇಳುತ್ತಾರೆ, ಅದು ಸಿಕ್ಕಿದರೆ ಪೆನ್ಶನ್ ಎಷ್ಟು ಏರುತ್ತದೆ ಅಂತ. ಒಂದು ರೂಪಾಯಿಯೂ ಏರುವುದಿಲ್ಲ. ಶೌರ್ಯ ಪದಕಕ್ಕೆ ತಿಂಗಳ ಭತ್ಯೆ ಇದೆ, ಇದಕ್ಕಿಲ್ಲ. ಇನ್ನೊಬ್ಬರು, ಅವರೂ ಮಾಜಿ ಸೈನಿಕರೇ, ಒಳ್ಳೆ ಮನಸ್ಸಿನಿಂದಲೇ ಹೇಳಿದರು: "ಕ್ಯಾಂಟೋನ್ಮೆಂಟ್ ಅಂಗಡಿಯಲ್ಲಿ ಎಲ್ಲಾ ಮೆಡಲ್ ಸಿಗುತ್ತವೆ, ತಂದು ಹಾಕಿಕೊಳ್ಳಿ, ಯಾರು ಕೇಳುತ್ತಾರೆ?" ನನಗೆ ಅದು ಬೇಡ. ನಮ್ಮ ಮೆಡಲ್‌ಗಳ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಅಂಗಡಿಯದರ ಅಂಚು ಖಾಲಿ.

ಸಂಜೆ ಟ್ಯಾಗೋರ್ ಕಡಲತೀರಕ್ಕೆ ಹೋಗುತ್ತೇನೆ. ಅಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪುತ್ಥಳಿ ಇದೆ. ನಮ್ಮ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಗುಂಡಿನ ನಡುವೆ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ಅವರಿಗೆ ಸಿಕ್ಕಿದ್ದು ಶೌರ್ಯಕ್ಕೆ. ನಾನು ಕೇಳುತ್ತಿರುವುದು ಹಾಜರಿ. ಶಾಲೆಗೆ ಹೋದ ಹುಡುಗನ ಹೆಸರಿನ ಮುಂದೆ ಹಾಜರಿ ಹಾಕಬೇಕು, ಅಷ್ಟೇ.

ಅಲ್ಲೇ ಚಾಪಲ್ ಹಡಗಿನ ಮ್ಯೂಸಿಯಂ ಇದೆ. ನೀನು ಬಂದಾಗ ತೋರಿಸಿದ್ದೆ. ನೋಡಲು ಬಂದ ಕೆಲವರು ಮಕ್ಕಳಿಗೆ, 1971ರಲ್ಲಿ ಕರಾಚಿ ಸುಟ್ಟ ಹಡಗು ಇದೇ ಅನ್ನುತ್ತಾರೆ. ನಾನು ನಿಂತು ತಿದ್ದುತ್ತೇನೆ. ಚಾಪಲ್ ನೌಕಾದಳಕ್ಕೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋಗಿದ್ದು ಇದರ ಅಣ್ಣಂದಿರು, ನಿಪಾತ್, ನಿರ್ಘಾಟ್, ವೀರ್. ಇಲ್ಲದ್ದನ್ನು ಸೇರಿಸಿದರೂ ನನಗೆ ಸಹಿಸುವುದಿಲ್ಲ.

ಈಗ ನಮ್ಮ ಹೊನ್ನಾವರದವನ ವಿಷಯ. ಅವನು ತೀರಿಕೊಂಡು ಒಂಬತ್ತು ವರ್ಷ ಆಯಿತು. ಅವನ ಮನೆಯ ಅಕ್ಕನನ್ನು ನೋಡಲು ಹೋಗಿದ್ದೆ. ಅವನ ಪುಸ್ತಕ ತೆಗೆಸಿ ನೋಡಿದೆ. ನನ್ನದರ ಹಾಗೇ ಇದೆ, ಅದೇ ಜಾಗ ಖಾಲಿ. ಬದುಕಿದ್ದಾಗ ಅವನು ಮನೆಯಲ್ಲಿ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲವಂತೆ. ಮೊಮ್ಮಗ ಮಾತ್ರ ಅಜ್ಜ ಯುದ್ಧಕ್ಕೆ ಹೋಗಿದ್ದ ಅಂತ ಕ್ಲಾಸಿನಲ್ಲಿ ಹೇಳಿ, ಮೆಡಲ್ ತೋರಿಸು ಅಂದಾಗ ಸುಮ್ನೆ ಮನೆಗೆ ಬಂದನಂತೆ. ಅಕ್ಕ ಇದನ್ನು ಹೇಳುವಾಗ ಸೆರಗಿನಿಂದ ಆ ಪುಸ್ತಕದ ಧೂಳು ಒರೆಸುತ್ತಿದ್ದರು. ನನಗೆ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಸೈನಿಕ ತೀರಿಕೊಂಡಿದ್ದರೆ ಮನೆಯವರು ಅರ್ಜಿ ಹಾಕಬಹುದು. ಅಕ್ಕನ ಕೈಯಲ್ಲಿ ಸಹಿ ಮಾಡಿಸಿಕೊಂಡು ಬಂದಿದ್ದೇನೆ. ಇನ್ನು ಮುಂದೆ ನನ್ನ ಫೈಲ್, ಅವನ ಫೈಲ್ ಎರಡೂ ಒಟ್ಟಿಗೇ ಹೋಗುತ್ತವೆ.

ಇದೂ ಆಗದಿದ್ದರೆ ಸೇನಾ ನ್ಯಾಯಮಂಡಳಿ ಇದೆ, 2009ರಿಂದ ಕೆಲಸ ಮಾಡುತ್ತಿದೆ, ಅಲ್ಲಿಗೆ ಹೋಗೋಣ ಅಂತ ಪರಿಚಯದ ವಕೀಲರು ಹೇಳಿದ್ದಾರೆ. ಸೈನ್ಯದ ಮೇಲೆ ಕೇಸು ಹಾಕಲು ನನಗೆ ಮನಸ್ಸಿಲ್ಲ. ಬೇರೆ ದಾರಿಯೇ ಇಲ್ಲ ಅಂದರೆ ಹೋಗುತ್ತೇನೆ. 2021ರಲ್ಲಿ ರಕ್ಷಣಾ ಸಚಿವಾಲಯ ಯುದ್ಧ ದಿನಚರಿಗಳನ್ನು ಸಾಮಾನ್ಯವಾಗಿ 25 ವರ್ಷದ ಮೇಲೆ ಬಹಿರಂಗ ಮಾಡಬೇಕು ಅಂತ ನೀತಿ ತಂದಿದೆ. ನಮ್ಮ ಯೂನಿಟ್‌ನ ಆ ತಿಂಗಳ ದಿನಚರಿಯನ್ನೂ ಕೇಳಿ ಬರೆದಿದ್ದೇನೆ.

ನಿನ್ನಿಂದ ಬೇಕಾದ್ದು ಇಷ್ಟು. ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್. ನಿನ್ನ ಆರ್ಮಿ ನಂಬರು, ರ‍್ಯಾಂಕು, ಆಗಿನ ಕಂಪನಿ ಬರಿ. ನಿನ್ನ ಡಿಸ್ಚಾರ್ಜ್ ಬುಕ್ಕಿನಲ್ಲಿ ಪೂರ್ವಿ ಸ್ಟಾರ್ ಇರುವ ಪುಟದ ಜೆರಾಕ್ಸ್ ಜೊತೆಗಿಡು. ನಾನು, ಹೊನ್ನಾವರದವನು ಇಬ್ಬರೂ ಅಗರ್ತಲಾದಿಂದ ಜನವರಿಯ ಆಂಬುಲೆನ್ಸಿನವರೆಗೆ ನಿನ್ನ ಸೆಕ್ಷನ್‌ನಲ್ಲೇ ಇದ್ದೆವು ಅಂತ ನಿನ್ನ ಮಾತಿನಲ್ಲೇ ಬರಿ. ನೋಟರಿ ಮುಂದೆ ಸಹಿ ಹಾಕು. ಖರ್ಚು ನಾನು ಕೊಡುತ್ತೇನೆ, ಜಗಳ ಬೇಡ.

ಮತ್ತೆ ಒಂದು ಮಾತು. ದೋಣಿಯಲ್ಲಿ ಅಂಬಿಗನನ್ನು ಬಿಟ್ಟು ನಾವು ಏಳು ಜನ ಇದ್ದೆವು ಅಂತ ನನ್ನ ಅರ್ಜಿಯಲ್ಲಿ ಬರೆದಿದ್ದೇನೆ. ನನ್ನ ನೆನಪು ಹಾಗಿದೆ. ನಿನಗೆ ಎಂಟು ಅಂತ ನೆನಪಿದ್ದರೆ ಎಂಟು ಅಂತಲೇ ಬರಿ. ನನ್ನದಕ್ಕೆ ಹೊಂದಿಸಬೇಡ. ಆ ಎಂಟನೆಯವನು ಯಾರು ಅಂತಲೂ ಬರಿ, ಅವನ ಪುಸ್ತಕವನ್ನೂ ಹುಡುಕಿ ನೋಡೋಣ.

ನಿನ್ನ
ಕಾರವಾರದವನು