ನೀನು ಕಳಿಸಿದ ಡಬ್ಬಿಗಳು, ಅಪ್ಪನ ಕಾರಿನ ಎಡಬದಿ

ಪ್ರೀತಿಯ ಗೆಳೆಯಾ,

ಬೆಂಗಳೂರಿಂದ ನೀನು ಕಳಿಸಿದ ಕಾರ್ ಪಾಲಿಶ್ ಸಾಮಾನಿನ ಪೆಟ್ಟಿಗೆ ತಲುಪಿತು. "ಹಾಕಿ ನೋಡು, ಹೇಗಾಯ್ತು ಅಂತ ಎಲ್ಲರೂ ಓದುವ ಹಾಗೆ ಬರಿ" ಅಂದಿದ್ದೆಯಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಳೇ ಗ್ಯಾಂಗಿನವರು ಓದಿದರೆ ದಯವಿಟ್ಟು ಮೂರನೇ ಗೇರಿನ ಕಥೆ ಎತ್ತಬೇಡಿ. ಅದು ಬೇರೆ ಕಾರು.

ಇದು ನಿನಗೆ ಗೊತ್ತಿರುವ ಕಾರೇ. ಅಪ್ಪನ ಕೆಂಪು ಮಾರುತಿ 800, 1998ರದ್ದು. 2014ರಲ್ಲಿ ಕಂಪನಿ ಈ ಗಾಡಿ ಮಾಡುವುದನ್ನು ನಿಲ್ಲಿಸಿತು, ಅಪ್ಪ ಓಡಿಸುವುದನ್ನು ನಿಲ್ಲಿಸಲಿಲ್ಲ. ಹದಿನೈದು ವರ್ಷ ತುಂಬಿದ ಮೇಲೂ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿಕೊಂಡು ಬಂದಿದ್ದಾರೆ. ಈ ಸಲ ಮಳೆ ಬಿಟ್ಟ ಕೂಡಲೇ, "ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಬೇಕು, ಅಷ್ಟರಲ್ಲಿ ಗಾಡಿ ಸ್ವಲ್ಪ ಚಂದ ಮಾಡು" ಅಂದರು.

ತೊಳೆಯುವುದೇ ದೊಡ್ಡ ಕೆಲಸ ಮಾರಾಯ. ನಾಲ್ಕು ತಿಂಗಳು ನಮ್ಮ ಮಳೆಯಲ್ಲಿ ನೆನೆದ ಗಾಡಿ ಹೇಗಿರುತ್ತದೆ ಅಂತ ನೀನು ಮರೆತಿರಬಹುದು. ಕಿಟಕಿ ರಬ್ಬರಿನ ಸಂದಿಯಲ್ಲಿ ಪಾಚಿ. ಮಡ್‌ಗಾರ್ಡ್ ಒಳಗೆ ಕೆಂಪು ಮಣ್ಣು. ಬಾನೆಟ್ ಮೇಲೆ ಹಲಸಿನ ಮೇಣ. ಎರಡು ಬಕೆಟ್ ಇಟ್ಟುಕೊಂಡೆ, ಒಂದಕ್ಕೆ ಶಾಂಪೂ, ಒಂದಕ್ಕೆ ಬರೀ ನೀರು. ಪ್ರತಿ ಸಲವೂ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಬೇಕು. ಇಲ್ಲದಿದ್ದರೆ ಬಟ್ಟೆಯಲ್ಲಿ ಕೂತ ಮರಳೇ ಹೊಸ ಗೀರು ಎಳೆಯುತ್ತದೆ. ಪಾತ್ರೆ ತೊಳೆಯುವ ಸೋಪು ಬೇಡ, ಅದು ಇದ್ದಬದ್ದ ವ್ಯಾಕ್ಸನ್ನೂ ತೆಗೆದುಬಿಡುತ್ತದೆ.

ನಿನ್ನ ಪೆಟ್ಟಿಗೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಕ್ಲೇ, ತೊಳೆದರೂ ಹೋಗದೆ ಪೇಂಟಿಗೆ ಅಂಟಿದ ಕೊಳೆ ಎತ್ತುವ ಮೆತ್ತನೆ ಉಂಡೆ. ಚಪಾತಿ ಹಿಟ್ಟಿನ ಹಾಗೆ ನಾದಿ ಚಪ್ಪಟೆ ಮಾಡಿ, ಶಾಂಪೂ ನೀರು ಚಿಮುಕಿಸಿ, ಒತ್ತದೆ ಜಾರಿಸಿದೆ. ಮೊದಲು ಜರಜರ ಅಂತ ಕೈಗೆ ಗೊತ್ತಾಗುತ್ತದೆ. ಆಮೇಲೆ ಸದ್ದೇ ಇಲ್ಲ. ತಿರುಗಿಸಿ ನೋಡಿದರೆ ಕ್ಲೇ ಕಂದು ಬಣ್ಣಕ್ಕೆ ತಿರುಗಿದೆ, ಅದೂ ತೊಳೆದ ಗಾಡಿಯಿಂದ! ನೆಲಕ್ಕೆ ಬಿದ್ದ ತುಂಡನ್ನು ಮತ್ತೆ ಬಳಸಬಾರದು, ಕಲ್ಲುಪುಡಿ ಅಂಟಿರುತ್ತದೆ.

ಆಮೇಲೆ ರಬ್ಬಿಂಗ್ ಕಾಂಪೌಂಡ್, ಅಂದರೆ ಗೀರು ಹೋಗಲು ಉಜ್ಜುವ ಪೇಸ್ಟು. ಅದನ್ನು ಮೊದಲು ಡಿಕ್ಕಿಯ ಮೂಲೆಯಲ್ಲಿ ಹಾಕಿ ನೋಡಿದೆ. ಬಟ್ಟೆ ಕೆಂಪಾಯಿತು. ಈಗಿನ ಹೆಚ್ಚಿನ ಗಾಡಿಗಳಿಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪದರ ಇರುತ್ತದೆ, ನಮ್ಮದಕ್ಕೆ ಅದಿಲ್ಲ, ಉಜ್ಜಿದರೆ ಬಣ್ಣವೇ ಬರುತ್ತದೆ. ಕಾಂಪೌಂಡ್ ಗೀರನ್ನು ತುಂಬುತ್ತದೆ ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ತುಂಬುವುದಿಲ್ಲ. ಗೀರಿನ ಸುತ್ತಲಿನ ಪೇಂಟನ್ನು ಸವೆಸಿ ಅದರ ಮಟ್ಟಕ್ಕೆ ಇಳಿಸುತ್ತದೆ. ಕಾರಿನ ಪೇಂಟು ಪ್ರೈಮರ್ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಸವೆಸಲು ಸಿಗುವುದು ಅದರಲ್ಲೂ ಮೇಲಿನ ಪದರ ಮಾತ್ರ. ಹಾಗಾಗಿ ಮೊದಲು ಗೀರಿಗೆ ಅಡ್ಡವಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಕಾಂಪೌಂಡಿಗೆ ಬಗ್ಗಲ್ಲ, ಟಚ್‌ಅಪ್ ಪೇಂಟೇ ಬೇಕು.

ಬಾನೆಟ್ಟು, ಬಲಬದಿ ಬೇಗ ಮುಗಿದವು. ಎಡಬದಿಗೆ ಬಂದು ಕುಕ್ಕರಗಾಲಲ್ಲಿ ಕೂತೆ. ಕೆಲಸ ಅಲ್ಲಿಗೇ ನಿಂತಿತು.

ಬಂಪರಿನ ಮೂಲೆಯಿಂದ ಹಿಂದಿನ ಬಾಗಿಲವರೆಗೆ ನೀಲಿ ಗೆರೆಗಳು. ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ, ಒಂದರ ಮೇಲೊಂದು. ಉಜ್ಜಿದರೆ ನೀಲಿ ಸುಲಭವಾಗಿ ಬಂತು. ಅದು ನಮ್ಮ ಗೇಟಿನ ಕಂಬದ ಪೇಂಟು. ಕಂಬಕ್ಕೆ ಮೊದಲೆಲ್ಲ ಹಸಿರು ಇತ್ತಲ್ವಾ? ಹಸಿರು ಗೆರೆ ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಬಂಪರ್ ಕೆಳಗೆ ಒಂದು ಸಿಕ್ಕಿತು, ಅಷ್ಟೇ. ನೀಲಿ ಬಳಿದದ್ದು ಏಪ್ರಿಲ್‌ನಲ್ಲಿ, ತಂಗಿಯ ಮದುವೆಗೆ. ಏಣಿ ಹಿಡಿದವನು ನೀನೇ. ಅಂದರೆ ಇಷ್ಟೂ ಗೆರೆ ಬಂದದ್ದು ಆಮೇಲೆ. ಇಷ್ಟು ವರ್ಷ ಆ ಎರಡು ಕಂಬಗಳ ನಡುವೆ ರಿವರ್ಸಲ್ಲೂ ಲೀಲಾಜಾಲವಾಗಿ ಗಾಡಿ ತಂದವರು ಅಪ್ಪ.

ಹಿಂದಿನ ಬಾಗಿಲ ಹತ್ತಿರ ಬೆರಳುದ್ದದ ಇನ್ನೊಂದು ಗೆರೆ ಇತ್ತು. ಅದು ಬೆಳ್ಳಿ ಬಣ್ಣ. ನಮ್ಮ ತೋಟದಲ್ಲಿ ಬೆಳ್ಳಿ ಬಣ್ಣದ ಕಂಬ ಇಲ್ಲ. ಅದು ಇನ್ನೊಂದು ಗಾಡಿಯದು, ಸ್ಕೂಟರೋ ಕಾರೋ ಗೊತ್ತಿಲ್ಲ. ಅದನ್ನು ಉಜ್ಜಲು ಕೈ ಬರಲಿಲ್ಲ ಕಣೋ.

ನಮ್ಮ ದೊಡ್ಡಪ್ಪ ನಿನಗೆ ನೆನಪಿರಬೇಕು. ಅವರಿಗೆ ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇತ್ತು. ಸಾಮಾನ್ಯವಾಗಿ ಆ ಕಾಯಿಲೆಗೆ ನೋವಿಲ್ಲ. ಮೊದಲು ಬದಿಯ ನೋಟ ಹೋಗುತ್ತದೆ, ನೇರ ನೋಟ ತುಂಬಾ ದಿನ ಉಳಿದಿರುತ್ತದೆ. ಅಪ್ಪ ಈಗಲೂ ಪೇಪರ್ ಓದುತ್ತಾರೆ. ಕಾಫಿ ಗಿಡದ ಕಾಂಡದಲ್ಲಿ ಬೋರರ್ ಹುಳದ ಗುರುತು ನನಗಿಂತ ಮೊದಲು ಹಿಡಿಯುತ್ತಾರೆ. ಹಾಗಾಗಿ ಮನೆಯಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ. ಆದರೆ ಈಚೆಗೆ ಅಮ್ಮ ಎಡಗಡೆಯಿಂದ ಕಾಫಿ ಲೋಟ ಚಾಚಿದರೆ ಬೆಚ್ಚಿಬೀಳುತ್ತಾರೆ. ಗ್ಲಾಕೋಮಾವೇ ಅಂತ ನಾನು ಹೇಳುವುದಿಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಹೋದ ನೋಟ ವಾಪಸ್ ಬರುವುದಿಲ್ಲ, ಬೇಗ ಡ್ರಾಪ್ಸ್ ಶುರು ಮಾಡಿದರೆ ಇದ್ದದ್ದು ಉಳಿಯಬಹುದು. ಒಡಹುಟ್ಟಿದವರಿಗೆ ಇದ್ದರೆ ತಮಗೂ ಬರುವ ಸಾಧ್ಯತೆ ಜಾಸ್ತಿ. ಇದನ್ನು ಓದುತ್ತಿರುವವರ ಮನೆಯಲ್ಲೂ ಯಾರಿಗಾದರೂ ಇದ್ದರೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ಬರೆದಾಯ್ತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವತ್ತು ರಾತ್ರಿ ಒಂದೊಂದೇ ಕಣ್ಣು ಮುಚ್ಚಿ, ಕೈಯನ್ನು ಬದಿಗೆ ಚಾಚಿ, ಬೆರಳಾಡಿಸಿ ನೋಡಿಕೊಂಡೆ. ಕಾಣಿಸಿತು. ಆದರೂ ನಿದ್ದೆ ಬರಲಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು, ತಿರುವು, ಮಂಜು. ಸಂಕ್ರಮಣದ ದಿನ ರಸ್ತೆ ಬದಿಯಲ್ಲಿ ಮಕ್ಕಳು ಮುದುಕರು ಎಲ್ಲ ನಡೆದು ಹೋಗುತ್ತಾರೆ. ಎಡಬದಿಯಲ್ಲೇ. ನನ್ನ ಕಣ್ಣ ಮುಂದೆ ಅದೇ ಬರುತ್ತದೆ.

ಅಪ್ಪನ ಹತ್ತಿರ ಕೀ ಕೇಳುವುದು ಹೇಗೆ, ಹೇಳು? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆಯ ನೆಂಟರನ್ನು ಇದೇ ಗಾಡಿಯಲ್ಲಿ ಮಡಿಕೇರಿಗೆ ಕರೆತಂದವರು. ಅಮ್ಮನಿಗೆ ಹೆರಿಗೆ ನೋವು ಬಂದ ರಾತ್ರಿಯಿಂದ ತಂಗಿಯನ್ನು ಕಳಿಸಿಕೊಟ್ಟ ದಿನದವರೆಗೆ ನಮ್ಮ ಮನೆಯಲ್ಲಿ ಸ್ಟೇರಿಂಗ್ ಹಿಡಿದವರು ಅವರೇ. ಆ ಕೈಯಿಂದ ಕೀ ತೆಗೆದುಕೊಳ್ಳುವ ಯೋಚನೆ ಬಂದರೆ ನನಗೆ ಅಳು ಬರುತ್ತದೆ. ಗಾಡಿ ಪೂರ್ತಿ ಹೊಳೆಯುವ ಹಾಗೆ ಮಾಡಿದರೆ ಅಮ್ಮನಿಗೂ ಗೊತ್ತಾಗುವುದಿಲ್ಲ, ಅಪ್ಪನೂ ಇದನ್ನು ಒಪ್ಪಿಕೊಳ್ಳುವುದಿಲ್ಲ. ಅದಕ್ಕೇ ಎಡಬದಿಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಇಬ್ಬರನ್ನೂ ಕರೆದು ಅದನ್ನು ತೋರಿಸಿಯೇ ಮಾತಾಡಬೇಕು. ಡಿಸೆಂಬರ್‌ನಲ್ಲಿ ಲೈಸೆನ್ಸ್ ರಿನ್ಯೂವಲ್ ಇದೆ, ಆ ವಯಸ್ಸಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕೇ ಬೇಕು. ಅಲ್ಲಿಯವರೆಗೆ ಕಾಯುವುದು ಬೇಡ. ಮೊದಲು ಮೈಸೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಒತ್ತಡ, ಬದಿಯ ನೋಟ ಎರಡನ್ನೂ ನೋಡಿಸುತ್ತೇನೆ.

ನಮ್ಮ ನಾಪೋಕ್ಲು ಕಡೆಯವರು ಓದುತ್ತಿದ್ದರೆ ಒಂದು ಮಾತು. ನಿಮ್ಮ ಬೆಳ್ಳಿ ಬಣ್ಣದ ಗಾಡಿಗೆ ಕೆಂಪು ಪೇಂಟು ತಾಗಿದ್ದರೆ ನನಗೆ ತಿಳಿಸಿ, ರಿಪೇರಿ ಖರ್ಚು ನಾನು ಕೊಡುತ್ತೇನೆ.

ಸಾಕು, ನಿನ್ನ ಡಬ್ಬಿಗಳ ವಿಷಯಕ್ಕೆ ಬಂದರೆ ವ್ಯಾಕ್ಸ್‌ಗೆ ಪೂರ್ತಿ ಮಾರ್ಕು. ಬಾನೆಟ್ ಮೇಲೆ ನೀರು ನಿಲ್ಲುವುದೇ ಇಲ್ಲ, ಉರುಳಿ ಹೋಗುತ್ತದೆ. ಸಂಕ್ರಮಣಕ್ಕೆ ನೀನು ಬರಲೇಬೇಕು. ಕೇಳಿದ ಕೂಡಲೇ ಅಪ್ಪ ಕೀ ಕೊಡುವುದು ನಿನಗೊಬ್ಬನಿಗೆ. ಯಾಕೆ ಅಂತ ನಮಗೂ ಗೊತ್ತು, ಸೋಮವಾರಪೇಟೆಯ ಆ ಕೋಳಿಗೂ ಗೊತ್ತು. ಅವತ್ತು ದೋಸೆ, ಕುಂಬಳಕಾಯಿ ಪಲ್ಯ ಮಾತ್ರ. ಮಾರನೇ ದಿನ ಇದ್ದರೆ ಕಡಂಬುಟ್ಟು, ಹಂದಿ ಸಾರು ಅಂತ ಅಮ್ಮ ಈಗಲೇ ಹೇಳಿದ್ದಾರೆ. ಬರುವಾಗ ಮೈಕ್ರೋಫೈಬರ್ ಬಟ್ಟೆ ಜಾಸ್ತಿ ತಾ. ನೀನು ಕಳಿಸಿದ್ದರಲ್ಲಿ ಒಳ್ಳೆಯವೆಲ್ಲ ಅಡುಗೆಮನೆ ಸೇರಿವೆ, ಇನ್ನು ಅಮ್ಮ ವಾಪಸ್ ಕೊಡುವುದಿಲ್ಲ.

ಇಂತಿ ನಿನ್ನ,
ಏಣಿ ಮೇಲೆ ಇದ್ದವನು